ತೀರ್ಪು ನೀಡುವವನ ಅರ್ಹತೆ

ತಾನು ಮಾಡಿ ಗೆಲ್ಲಲಾರದ ಕೆಲಸದಲ್ಲಿ ಇತರರ ಗುಣದೋಷಗಳನ್ನು ನಿರ್ಣಯಿಸುವ ಅಧಿಕಾರ ಒಬ್ಬನಿಗೆ ಉಂಟೇ? ಬಹು ಹಳೆಯದಾದ ಈ ಪ್ರಶ್ನೆಗೆ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಗ್ಯಾರಿ ನೆವಿಲ್ ಅವರ ವೃತ್ತಿಜೀವನದಲ್ಲಿ ವಿಚಾರಯೋಗ್ಯವಾದ ನಿದರ್ಶನವೊಂದು ದೊರೆಯುತ್ತದೆ.

1975ರಲ್ಲಿ ಬರಿ ಎಂಬ ಊರಿನಲ್ಲಿ ಜನಿಸಿದ ನೆವಿಲ್ 1992ರಿಂದ 2011ರವರೆಗೆ ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಒಂದೇ ಕ್ಲಬ್ಬಿನ ಪರವಾಗಿ 602 ಪಂದ್ಯಗಳನ್ನು ಆಡಿದರು. 85 ಪಂದ್ಯಗಳಲ್ಲಿ ದೇಶವನ್ನು ಪ್ರತಿನಿಧಿಸಿದರು. ಅವರದು ಬಲಬದಿಯ ರಕ್ಷಕನ ಸ್ಥಾನ. ರಕ್ಷಕನ ಶ್ರಮ ವಿಚಿತ್ರವಾದುದು. ಹೊಡೆದ ಗೋಲು ದಾಖಲೆಗೆ ಸೇರುತ್ತದೆ; ತಡೆದ ಗೋಲಿಗೆ ಜಮಾ ಪುಸ್ತಕದಲ್ಲಿ ಕಲಮೇ ಇಲ್ಲ. ತೊಂಬತ್ತು ನಿಮಿಷ ಎಚ್ಚರದಿಂದಿದ್ದು ಒಂದು ಕ್ಷಣ ಮೈಮರೆತರೆ ಜನರ ನೆನಪಿನಲ್ಲಿ ನಿಲ್ಲುವುದು ಆ ಕ್ಷಣವೇ.

ಆಟದಿಂದ ನಿವೃತ್ತರಾದ ವರ್ಷವೇ ಅವರು ಸ್ಕೈ ಸ್ಪೋರ್ಟ್ಸ್ ವಾಹಿನಿಯಲ್ಲಿ ವಿಶ್ಲೇಷಕರಾದರು. ಚಿತ್ರವನ್ನು ನಿಲ್ಲಿಸಿ, ಯಾವ ಆಟಗಾರ ಎಲ್ಲಿ ನಿಲ್ಲಬೇಕಿತ್ತೆಂದು ತೋರಿಸುವ ಅವರ ಸೂಕ್ಷ್ಮ ದೃಷ್ಟಿ ಜನಮನ್ನಣೆ ಗಳಿಸಿತು. 2012ರಿಂದ ಇಂಗ್ಲೆಂಡ್ ತಂಡದ ತರಬೇತುದಾರರಲ್ಲಿ ಒಬ್ಬರಾಗಿಯೂ ದುಡಿದರು.

2015ರ ಡಿಸೆಂಬರಿನಲ್ಲಿ ಸ್ಪೇನ್ ದೇಶದ ವೆಲೆನ್ಸಿಯ ಕ್ಲಬ್ ಅವರನ್ನು ಮುಖ್ಯ ತರಬೇತುದಾರನನ್ನಾಗಿ ನೇಮಿಸಿತು. ಆ ಹುದ್ದೆಯ ಪೂರ್ವಾನುಭವ ಅವರಿಗೆ ಇರಲಿಲ್ಲ, ಸ್ಪ್ಯಾನಿಷ್ ಭಾಷೆಯೂ ಬರುತ್ತಿರಲಿಲ್ಲ. ಕ್ಲಬ್ಬಿನ ಒಡೆಯರಾದ ಸಿಂಗಾಪುರದ ಪೀಟರ್ ಲಿಮ್ ಅವರು ಇಂಗ್ಲೆಂಡಿನ ಸ್ಯಾಲ್ಫರ್ಡ್ ಸಿಟಿ ಕ್ಲಬ್ಬಿನಲ್ಲಿ ನೆವಿಲ್ ಅವರ ಪಾಲುದಾರರಾಗಿದ್ದರು. ಲೀಗಿನ ಮೊದಲ ಒಂಬತ್ತು ಪಂದ್ಯಗಳಲ್ಲಿ ಒಂದು ಗೆಲುವೂ ಬರಲಿಲ್ಲ. 2016ರ ಫೆಬ್ರವರಿ 3ರಂದು ಬಾರ್ಸಿಲೋನಾ ಎದುರು 7-0 ಅಂತರದ ಸೋಲಾಯಿತು. ಮಾರ್ಚ್ 30ರಂದು ಅವರನ್ನು ತೆಗೆದುಹಾಕಲಾಯಿತು. ಅಷ್ಟರಲ್ಲಿ ನಡೆದ 28 ಪಂದ್ಯಗಳಲ್ಲಿ ಗೆದ್ದದ್ದು 10. ಜೂನ್‌ನಲ್ಲಿ ಐಸ್‌ಲ್ಯಾಂಡಿಗೆ ಇಂಗ್ಲೆಂಡ್ ಸೋತಾಗ ಆ ಹೊಣೆಯೂ ಮುಗಿಯಿತು. ಅದೇ ವರ್ಷ ಅವರು ಸ್ಕೈ ವಾಹಿನಿಗೆ ಮರಳಿದರು.

ಇಂಥವರಿಗೆ ಇನ್ನು ಪರರ ತಪ್ಪು ಎತ್ತಿ ತೋರಿಸುವ ಬಾಯಿ ಎಲ್ಲಿಯದು ಎಂಬ ಆಕ್ಷೇಪ ಸಹಜ. ಆದರೆ ಅದು ನ್ಯಾಯವಾದುದಲ್ಲ. ಲೆಕ್ಕ ಪರಿಶೋಧಕನು ಅಂಗಡಿ ನಡೆಸಿ ಲಾಭ ಮಾಡಲಾರದೆ ಹೋಗಬಹುದು. ಹಾಗೆಂದು ಅವನು ಗುರುತಿಸಿದ ನಷ್ಟ ಸುಳ್ಳಾಗುವುದಿಲ್ಲ. ದೋಷವನ್ನು ಕಾಣುವ ಜ್ಞಾನ ಬೇರೆ, ದೋಷವನ್ನು ತಡೆಯುವ ಸಾಮರ್ಥ್ಯ ಬೇರೆ. ಪರಿಶೋಧಕನು ತಪ್ಪುವುದು ಇನ್ನೊಂದು ಕಡೆ. ವರ್ಷ ಕಳೆದ ಮೇಲೆ ಪುಸ್ತಕ ತೆರೆದವನಿಗೆ ಎಲ್ಲ ಧಾರಣೆಗಳೂ ತಿಳಿದಿರುತ್ತವೆ. ಸರಕು ಕೊಂಡ ದಿನ ವ್ಯಾಪಾರಿಗೆ ನಾಳಿನ ಧಾರಣೆ ತಿಳಿದಿರಲಿಲ್ಲವೆಂಬುದನ್ನು ಅವನು ಮರೆತರೆ ಲೆಕ್ಕ ಸರಿಯಿದ್ದೂ ತೀರ್ಪು ಅನ್ಯಾಯವಾಗುತ್ತದೆ. ನಿಲ್ಲಿಸಿದ ಚಿತ್ರದ ಮುಂದೆ ಕುಳಿತ ವಿಶ್ಲೇಷಕನ ಸ್ಥಿತಿಯೂ ಇದೇ. ಮೈದಾನದಲ್ಲಿ ಚಿತ್ರ ನಿಲ್ಲುವುದಿಲ್ಲ.

ನೆವಿಲ್ ಅವರ ಸೋಲಿಗಿಂತ ಹೆಚ್ಚು ವಿವೇಚನೆಗೆ ಅರ್ಹವಾದುದು ಆ ನೇಮಕವೇ. ಪಾಲುದಾರನ ಮೇಲಣ ವಿಶ್ವಾಸ ಶ್ಲಾಘ್ಯವಾದ ಗುಣವೇ ಸರಿ. ಆದರೆ ಇಲ್ಲಿ ಪಣಕ್ಕೆ ಇಟ್ಟದ್ದು ಅವರಿಬ್ಬರ ಸ್ವಂತ ಬಂಡವಾಳ ಮಾತ್ರವಲ್ಲ. ಕೊಟ್ಟವರೂ ಸ್ವೀಕರಿಸಿದವರೂ ಇದನ್ನು ತೂಗಿ ನೋಡಬೇಕಿತ್ತು. 2015ರಲ್ಲಿ ಲೀಗಿನ ನಾಲ್ಕನೆಯ ಸ್ಥಾನದಲ್ಲಿದ್ದ ವೆಲೆನ್ಸಿಯ 2016ರಲ್ಲಿ ಹನ್ನೆರಡಕ್ಕೆ ಇಳಿಯಿತು. ಮೆಸ್ತಾಯ ಕ್ರೀಡಾಂಗಣಕ್ಕೆ ಹಣ ತೆತ್ತು ಬಂದು ಕುಳಿತ ಅಲ್ಲಿನ ಜನರನ್ನು ಆ ನೇಮಕದ ವಿಷಯದಲ್ಲಿ ಯಾರೂ ಕೇಳಿರಲಿಲ್ಲ.