ಕಾವಲಿನ ಋಣ

ಯಡಿಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯ ದರ್ಶನಕ್ಕೆಂದು ಬಂದ ಯಾತ್ರಿಕನು ದಾಸೋಹದ ಪಂಕ್ತಿಯಲ್ಲಿ ಕುಳಿತು ಉಂಡು ಏಳುತ್ತಾನೆ. ನಿನ್ನ ಊರಾವುದು, ಎಷ್ಟು ದಿನ ಇರುವೆ ಎಂದು ಬಡಿಸುವವರು ಕೇಳುವುದಿಲ್ಲ. ಉಂಡವನೂ ಕೈ ತೊಳೆದು ಬಂದು, ಉಗ್ರಾಣದ ಬೀಗದ ಕೈ ಇನ್ನು ನನ್ನ ವಶದಲ್ಲಿರಲಿ ಎಂದು ಕೇಳುವುದಿಲ್ಲ. ಈ ಎರಡು ಮೌನಗಳ ಮೇಲೆ ಆತಿಥ್ಯಧರ್ಮವು ನಿಂತಿದೆ. ಎರಡರಲ್ಲಿ ಯಾವುದೊಂದು ಮುರಿದರೂ ಅದು ಆತಿಥ್ಯವಾಗಿ ಉಳಿಯದು.

ತಿಥಿಯನ್ನು ಗೊತ್ತುಮಾಡದೆ ಬರುವವನೇ ಅತಿಥಿಯೆಂದು ಹಿರಿಯರು ಅರ್ಥ ಹೇಳುತ್ತಿದ್ದುದು ವಾಚಕರಿಗೆ ತಿಳಿದ ವಿಷಯವೇ. ಬರುವುದಕ್ಕೆ ತಿಥಿಯಿಲ್ಲದಿರುವುದು ಸೊಗಸು. ಹೋಗುವುದಕ್ಕೂ ತಿಥಿಯಿಲ್ಲವಾದರೆ ಅಂಥವನನ್ನು ಏನೆಂದು ಕರೆಯಬೇಕು? ಬಂದವನ ಹೆಗಲಮೇಲೆ ಜೋಳಿಗೆಯಿದ್ದರೆ ಪ್ರಶ್ನೆ ಅಷ್ಟು ಕಠಿನವಲ್ಲ. ಅವನ ಹೆಗಲ ಮೇಲಿರುವುದು ಕೋವಿಯಾಗಿ, ಅದೂ ನಮ್ಮನ್ನು ಕಾಯುವುದಕ್ಕೆಂದೇ ಬಂದ ಕೋವಿಯಾದರೆ, ಆಗ ಉಪಕಾರಸ್ಮರಣೆಯೂ ಸ್ವಾತಂತ್ರ್ಯವೂ ಒಂದೇ ಮನೆಯ ಬಾಗಿಲಲ್ಲಿ ಎದುರೆದುರಾಗಿ ನಿಲ್ಲುವುವು.

ಜಪಾನ್, ಜರ್ಮನಿ, ಕೊರಿಯ ಮೊದಲಾದ ದೇಶಗಳಲ್ಲಿ ಅಮೆರಿಕ ಸಂಯುಕ್ತಸಂಸ್ಥಾನದ ಸೇನಾನೆಲೆಗಳು ಬಹುಕಾಲದಿಂದ ಇವೆ. ಅವು ಕಾವಲೋ ಒಡೆತನವೋ ಎಂಬ ವಾದವು ಲೋಕದಲ್ಲಿ ನಡೆಯುತ್ತಲೇ ಇದೆ. ಇದು ದೂರದವರ ಜಗಳ, ನಮಗೇತಕ್ಕೆ ಎಂದು ನಾವು ತಿಳಿಯುವಂತಿಲ್ಲ. ಪರಸೈನ್ಯವನ್ನು ಮನೆಯೊಳಗಿಟ್ಟುಕೊಂಡು ಬಾಳುವುದೆಂದರೇನೆಂಬುದನ್ನು ಮೈಸೂರು ಸೀಮೆಯಷ್ಟು ಚೆನ್ನಾಗಿ ಕಂಡ ನಾಡುಗಳು ಕೆಲವೇ. ಅಮೆರಿಕದ ಸೇನೆಯೇ ಒಮ್ಮೆ ನಮ್ಮ ಬೆಂಗಳೂರಿನಲ್ಲಿ ನೆಲೆಮಾಡಿತ್ತೆಂಬುದನ್ನು ಇಂದು ನೆನೆಯುವವರೂ ಕೆಲವರೇ.

ಮೊದಲು ಹಳೆಯ ಕಥೆಯನ್ನು ನೋಡೋಣ. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಇಂಗ್ಲಿಷ್ ಕಂಪೆನಿಯವರು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ತಂದರು. ಅದೇ ಜುಲೈ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಒಪ್ಪಂದವಾಯಿತು. ಯಾರ ಹೆಸರಿನಲ್ಲಿ ಅದು ನಡೆಯಿತೋ ಆ ಅರಸರಿಗೆ ಆಗ ಐದು ವರ್ಷವೂ ತುಂಬಿರಲಿಲ್ಲ. ಕಂಪೆನಿಯ ಸೈನ್ಯವು ರಾಜ್ಯವನ್ನು ಕಾಯಬೇಕು. ಅದಕ್ಕಾಗಿ ರಾಜ್ಯವು ವರ್ಷಕ್ಕೆ 7 ಲಕ್ಷ ವರಹವನ್ನು ಪೊಗದಿಯಾಗಿ ಕೊಡಬೇಕು. ಇದರ ಜೊತೆಗೆ ಇನ್ನೊಂದು ಕಲಮು. ಹಣವು ಸರಿಯಾಗಿ ಸಲ್ಲದೆಂಬ ಶಂಕೆ ಗವರ್ನರ್ ಜನರಲ್ಲನಿಗೆ ಉಂಟಾದರೆ ಆತನು ರಾಜ್ಯದ ಆಡಳಿತವನ್ನೇ ವಹಿಸಿಕೊಳ್ಳಬಹುದು. ಕಾವಲುಗಾರನಿಗೆ ಸಂಬಳ ತಪ್ಪೀತೆಂಬ ಅನುಮಾನ ಬಂದರೆ ಮನೆಯ ಯಜಮಾನಿಕೆ ಅವನದು! 1831ರಲ್ಲಿ ಲಾರ್ಡ್ ವಿಲಿಯಂ ಬೆಂಟಿಂಕನು ಈ ಒಪ್ಪಂದವನ್ನೇ ಆಧಾರಮಾಡಿಕೊಂಡು ಆಡಳಿತವನ್ನು ತೆಗೆದುಕೊಂಡನು. ಅದು ಮರಳಿ ಬಂದುದು 50 ವರ್ಷಗಳ ತರುವಾಯ, 1881ರಲ್ಲಿ. ಹಾಗೆ ಮರಳಿ ಕೊಟ್ಟಾಗಲೂ, 24½ ಲಕ್ಷ ರೂಪಾಯಿಯಾಗಿದ್ದ ಪೊಗದಿಯನ್ನು 35 ಲಕ್ಷಕ್ಕೆ ಏರಿಸುವುದೆಂದು ಗೊತ್ತುಮಾಡಿದರು.

ಶ್ರೀರಂಗಪಟ್ಟಣದ ಜ್ವರಕ್ಕೆ ಅಂಜಿ ಆ ಸೈನ್ಯವು 1809ರಲ್ಲಿ ಬೆಂಗಳೂರಿಗೆ ಬಂದಿತು. ನಮ್ಮ ಅಜ್ಜ ಅಜ್ಜಿಯರು ‘ದಂಡು’ ಎಂದು ಕರೆಯುತ್ತಿದ್ದ ಭಾಗವು ಹೀಗೆ ಹುಟ್ಟಿತು. ಸೈನ್ಯದ ಹಿಂದೆಯೇ ಸಂತೆ, ಸಂತೆಯ ಹಿಂದೆಯೇ ನಗರ. ಕೆಲಸ ಸಿಕ್ಕಿತು, ವ್ಯಾಪಾರ ಬೆಳೆಯಿತು; ಇದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಯಡಿಯೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಇರುವ ಕುಣಿಗಲಿನ ಕುದುರೆ ಫಾರಮ್ಮಿಗೂ ಈ ಕಥೆಯಲ್ಲಿ ಒಂದು ಪಾಲುಂಟು. ಟಿಪ್ಪುವಿನ ಕಾಲದಲ್ಲಿ ಇಂಗ್ಲಿಷರ ಮೇಲೆ ಏರಿಹೋಗುವ ರಾವುತರಿಗಾಗಿ ಅಲ್ಲಿ ಕುದುರೆ ಸಾಕುತ್ತಿದ್ದರು. ಅವನು ಬಿದ್ದ ಮೇಲೆ ಅದೇ ಹುಲ್ಲು ಮೇದ ಕುದುರೆಗಳು ಇಂಗ್ಲಿಷರ ದಂಡಿಗೆ ಸಂದುವು. ಮೇವು ನಮ್ಮದು, ನೀರು ನಮ್ಮದು, ಲಗಾಮು ಮಾತ್ರ ಇನ್ನೊಬ್ಬರದು. 1881ರಲ್ಲಿ ರಾಜ್ಯವು ಮರಳಿದರೂ ದಂಡಿನ ಪ್ರದೇಶವು ಮರಳಲಿಲ್ಲ. ಅದನ್ನು ಬ್ರಿಟಿಷ್ ರೆಸಿಡೆಂಟನ ಕೈಯಲ್ಲೇ ಉಳಿಸಿಕೊಂಡರು. ಅದು ಮೈಸೂರಿಗೆ ಹಿಂದಿರುಗಿದುದು 1947ರ ಜುಲೈ ತಿಂಗಳಲ್ಲಿ. ಅತಿಥಿಯು 138 ವರ್ಷ ಅಲ್ಲಿ ಬಿಡಾರ ಮಾಡಿದ್ದನು.

ಇನ್ನು ಎರಡನೆಯ ಕಥೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಆಗ ಸರ್ ಮಿರ್ಜಾ ಇಸ್ಮಾಯಿಲರು ದಿವಾನರು. ಯಂತ್ರವಿದ್ಯೆಯನ್ನು ತಂದುಕೊಟ್ಟವನು ವಿಲಿಯಂ ಪಾಲಿ ಎಂಬ ಅಮೆರಿಕನ್ ಉದ್ಯಮಿ. ಮರುವರ್ಷವೇ ಹಾರ್ಲೋ ಎಂಬ ಶಿಕ್ಷಣ ವಿಮಾನವು ಅಲ್ಲಿ ಜೋಡಣೆಗೊಂಡಿತು. ಅಷ್ಟರಲ್ಲಿ ಜಪಾನಿನ ಯುದ್ಧವು ಬಾಗಿಲಿಗೆ ಬಂದಿತು. 1942ರ ಏಪ್ರಿಲಿನಲ್ಲಿ ಭಾರತ ಸರಕಾರವು ವಾಲ್‌ಚಂದರ ಪಾಲನ್ನು ಕೊಂಡು ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಮೈಸೂರಿನ ಪಾಲು ಉಳಿಯಿತು, ಮಾತು ಉಳಿಯಲಿಲ್ಲ. 1943ರ ಸೆಪ್ಟೆಂಬರಿನಲ್ಲಿ ಕಾರ್ಖಾನೆಯ ಆಡಳಿತವು ಅಮೆರಿಕದ ಸೇನಾ ವಿಮಾನದಳಕ್ಕೆ ಸಂದಿತು. 84ನೆಯ ವಿಮಾನ ಉಗ್ರಾಣವೆಂದು ಅದಕ್ಕೆ ಸೇನೆಯ ಹೆಸರಾಯಿತು. ಬರ್ಮಾ ಮತ್ತು ಚೀನಾದ ರಣಾಂಗಣಗಳಲ್ಲಿ ದುಡಿದು ಸವೆದ ವಿಮಾನಗಳನ್ನು ಇಲ್ಲಿಗೆ ತಂದು ಬಿಚ್ಚಿ ಸರಿಪಡಿಸುತ್ತಿದ್ದರು. ಬೆಳ್ಳಂದೂರು ಕೆರೆಯಲ್ಲಿ ಕ್ಯಾಟಲೀನಾ ಎಂಬ ನೀರುವಿಮಾನಗಳು ಇಳಿಯುತ್ತಿದ್ದುವು. ನಮ್ಮ ಸೀಮೆಯ ಸಾವಿರಾರು ಜನ ಆ ಕಾರ್ಖಾನೆಯಲ್ಲಿ ಉಳಿಯನ್ನೂ ಸುತ್ತಿಗೆಯನ್ನೂ ಹಿಡಿದು, ವಿಮಾನದ ಎಂಜಿನ್ನಿನ ಮರ್ಮವನ್ನು ಕಲಿತರು.

1945ರಲ್ಲಿ ಯುದ್ಧ ಮುಗಿಯಿತು, ಅಮೆರಿಕದವರು ಹೊರಟುಹೋದರು. ಕಲಿತ ಕೈಗಳು ಇಲ್ಲಿಯೇ ಉಳಿದುವು. 1951ರ ಆಗಸ್ಟ್ ತಿಂಗಳಲ್ಲಿ, ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ವಿಮಾನವು ಆಕಾಶಕ್ಕೆ ಏರಿತು.

ಈ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟಾಗ, ಮೊದಲನೆಯ ಅತಿಥಿ ಕೆಟ್ಟವನು, ಎರಡನೆಯವನು ಒಳ್ಳೆಯವನು ಎಂದು ತೀರ್ಪು ಕೊಡುವುದು ಸುಲಭ. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆನು. ಆದರೆ ಕೊಂಚ ನಿಧಾನಿಸಿ ನೋಡಿದರೆ ಈ ತೀರ್ಪು ನಿಲ್ಲುವುದಿಲ್ಲ. 1943ರಲ್ಲಿ ಅಮೆರಿಕದವರನ್ನು ಕರೆದವರು ಯಾರು? ಮೈಸೂರಿನ ಪ್ರಜೆಯಲ್ಲ, ಭಾರತದ ಪ್ರಜೆಯೂ ಅಲ್ಲ. ನಮ್ಮನ್ನು ಆಳುತ್ತಿದ್ದ ಬ್ರಿಟಿಷ್ ಸರಕಾರ. ಮನೆಯಲ್ಲಿ ಮೊದಲೇ ಕುಳಿತಿದ್ದ ಅತಿಥಿಯು ತನ್ನ ಗೆಳೆಯನನ್ನು ಕರೆತಂದು ಒಳಕೋಣೆಯನ್ನು ಬಿಟ್ಟುಕೊಟ್ಟಂತಾಯಿತು. ಅವರು ಹೋದುದು ಸಹ ನಾವು ಹೋಗಿರೆಂದುದರಿಂದಲ್ಲ; ಅವರ ಕೆಲಸ ಮುಗಿದುದರಿಂದ. ಕೆಲಸ ಮುಗಿಯದಿದ್ದರೆ? ಹೋಗಿರೆಂದು ಹೇಳುವ ಬಾಯಿ ಆಗ ನಮಗಿರಲಿಲ್ಲ. ಆದುದರಿಂದ ಅತಿಥಿಯು ಬೇಗ ಹೋದನೆಂಬುದು ನಮ್ಮ ಭಾಗ್ಯಕ್ಕೆ ಸಾಕ್ಷಿಯಾದೀತೇ ಹೊರತು ನಮ್ಮ ಸ್ವಾತಂತ್ರ್ಯಕ್ಕೆ ಸಾಕ್ಷಿಯಾಗದು.

ಇಲ್ಲಿ ಪೂರ್ವಪಕ್ಷದವರ ಮಾತನ್ನೂ ಕೇಳಬೇಕು. ಮನೆಗೆ ಬೆಂಕಿ ಬಿದ್ದಾಗ ನೀರು ತಂದವನ ಗೋತ್ರವನ್ನು ಕೇಳುವುದು ಮೂರ್ಖತನವೆಂದು ಅವರು ಹೇಳುವರು. ನಿಜ. 1942ರ ಏಪ್ರಿಲಿನಲ್ಲಿ ವಿಶಾಖಪಟ್ಟಣದ ಮೇಲೆಯೂ ಕಾಕಿನಾಡದ ಮೇಲೆಯೂ ಬಾಂಬುಗಳು ಬಿದ್ದುವು. ಅಂಡಮಾನ್ ದ್ವೀಪಗಳು ಅದಾಗಲೇ ಜಪಾನಿನ ವಶವಾಗಿದ್ದುವು. ಆಗ ಬೆಂಗಳೂರಿನ ಕಾರ್ಖಾನೆ ದುಡಿಯದಿದ್ದರೆ ಆಗುತ್ತಿದ್ದ ಹಾನಿಯನ್ನು ಅನುಭವಿಸಬೇಕಾದವರು ನಾವೇ. ಬಲವಾದ ನೆರೆಯವನಿಗೆ ಅಂಜಿ ಬಾಳುವ ಸಣ್ಣ ರಾಷ್ಟ್ರವೊಂದು ದೂರದ ಬಲಿಷ್ಠನ ಸೈನ್ಯವನ್ನು ಕರೆಸಿಕೊಂಡರೆ ಅದನ್ನು ಹೇಡಿತನವೆಂದು ಹಳಿಯುವ ಅಧಿಕಾರ, ಆ ಭಯವನ್ನು ಉಣ್ಣದ ನಮಗಿಲ್ಲ. ಪರಸೈನ್ಯವು ಯಾವಾಗಲೂ ಪಾಪವೇ ಎಂಬ ವಾದವನ್ನು ನಾನು ಒಪ್ಪಲಾರೆನು.

ಹಾಗಾದರೆ ಧರ್ಮಾಧರ್ಮಗಳನ್ನು ಬೇರ್ಪಡಿಸುವ ಗೆರೆ ಯಾವುದು? ಅದು ಸೈನ್ಯದ ಗಾತ್ರದಲ್ಲಿಲ್ಲ, ಬಂದವನ ಸೌಜನ್ಯದಲ್ಲಿಲ್ಲ, ಅವನು ಕೊಡುವ ಹಣದಲ್ಲಿಯೂ ಇಲ್ಲ. ಮನೆಯವನು ‘ಇನ್ನು ಸಾಕು, ಹೋಗಿಬನ್ನಿ’ ಎನ್ನಬಲ್ಲನೇ, ಅಂದರೆ ಆ ಮಾತು ನಡೆಯುವುದೇ ಎಂಬುದೊಂದರಲ್ಲಿದೆ. ಬೀಳ್ಕೊಡುವ ಮಾತು ಯಾರ ನಾಲಗೆಯಲ್ಲಿದೆಯೋ ಅವನೇ ಮನೆಯ ಯಜಮಾನ.

ಈ ಒರೆಗಲ್ಲಿಗೆ ಲೋಕದ ಕೆಲವು ನಿದರ್ಶನಗಳನ್ನು ಹಚ್ಚಿ ನೋಡೋಣ. ಫಿಲಿಪೈನ್ಸಿನ ಸೂಬಿಕ್ ಕೊಲ್ಲಿಯಲ್ಲಿ ಅಮೆರಿಕದ ಬಹುದೊಡ್ಡ ನೌಕಾನೆಲೆಯಿತ್ತು. 1991ರ ಸೆಪ್ಟೆಂಬರ್ 16ರಂದು ಅಲ್ಲಿಯ ಸೆನೆಟ್ ಸಭೆಯಲ್ಲಿ 12 ಜನ ಸದಸ್ಯರು ಹೊಸ ಒಪ್ಪಂದ ಬೇಡವೆಂದರು, 11 ಜನ ಬೇಕೆಂದರು. ಅಂತರ ಒಂದೇ ಮತ. ಆ ಒಂದು ಮತಕ್ಕೆ ಅಮೆರಿಕವು ತಲೆಬಾಗಿ, 1992ರ ನವೆಂಬರಿನಲ್ಲಿ ಸೂಬಿಕ್ಕಿನಿಂದ ಹೊರಟಿತು. ತರುವಾಯ ಚೀನಾದ ಭಯದಿಂದ ಅದೇ ಫಿಲಿಪೈನ್ಸು 2014ರಲ್ಲಿ ಅಮೆರಿಕದ ಸೈನಿಕರು ಸರದಿಯಮೇಲೆ ಬಂದುಹೋಗಬಹುದೆಂದು ಒಪ್ಪಂದ ಮಾಡಿಕೊಂಡಿತು. ಇದನ್ನು ಚಾಂಚಲ್ಯವೆಂದು ನಗುವವರುಂಟು. ಹೋಗೆನ್ನಬಲ್ಲವನೇ ಬಾ ಎನ್ನುವುದಕ್ಕೂ ಅರ್ಹನು, ಇದರಲ್ಲಿ ನಗತಕ್ಕದ್ದೇನಿಲ್ಲ.

ಕ್ಯೂಬಾದ ಗ್ವಾಂಟನಾಮೊ ನೆಲೆ ಇದಕ್ಕೆ ಎದುರು. 1903ರ ಗೇಣಿಯನ್ನು 1934ರಲ್ಲಿ ನವೀಕರಿಸಿದಾಗ, ಇಬ್ಬರೂ ಒಪ್ಪಿದಲ್ಲದೆ, ಅಥವಾ ಅಮೆರಿಕವು ತಾನಾಗಿ ಬಿಟ್ಟುಹೋದಲ್ಲದೆ, ಅದು ಕೊನೆಗಾಣುವಂತಿಲ್ಲವೆಂದು ಬರೆದರು. ಕ್ಯೂಬಾ ಬೇಡವೆನ್ನುತ್ತಿದ್ದರೂ ನೆಲೆ ಉಳಿದಿದೆ. ವರ್ಷದ ಬಾಡಿಗೆಯ ಚೆಕ್ಕನ್ನು 1959ರಲ್ಲಿ ಒಮ್ಮೆ ನಗದು ಮಾಡಿದ್ದು ಬಿಟ್ಟರೆ, ಆ ಸರಕಾರವು ಮುಂದೆ ಅವನ್ನು ನಗದು ಮಾಡಲಿಲ್ಲ.

ಇವೆರಡಕ್ಕಿಂತಲೂ ದಾರುಣವಾದುದು ನಮ್ಮ ಹಿಂದೂಮಹಾಸಾಗರದ ಡಿಯೆಗೊ ಗಾರ್ಸಿಯ. 1965ರಲ್ಲಿ ಬ್ರಿಟನ್ನು ಚಾಗೋಸ್ ದ್ವೀಪಗಳನ್ನು ಮಾರಿಷಸ್ಸಿನಿಂದ ಬೇರ್ಪಡಿಸಿ, 1966ರಲ್ಲಿ ಅಮೆರಿಕದ ನೆಲೆಗೆಂದು ಬಿಟ್ಟುಕೊಟ್ಟಿತು. ಅಲ್ಲಿ ತಲೆಮಾರುಗಳಿಂದ ತೆಂಗಿನ ತೋಟಗಳಲ್ಲಿ ದುಡಿದು ಬಾಳುತ್ತಿದ್ದ ಜನರನ್ನು 1968ರಿಂದ 1973ರ ವರೆಗೆ ಒಬ್ಬರನ್ನೂ ಉಳಿಸದೆ ಹೊರಡಿಸಿದರು. ಅವರು ಸಾಕಿದ ನಾಯಿಗಳನ್ನು ಕೂಡಿಹಾಕಿ ಕೊಂದರು. ಆತಿಥೇಯನೇ ಇಲ್ಲದಂತೆ ಮಾಡಿದರೆ ಹೋಗೆನ್ನುವವರಾರು? ಆ ಬೇರ್ಪಡಿಕೆ ನ್ಯಾಯವಲ್ಲವೆಂದು 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು ಅಭಿಪ್ರಾಯವಿತ್ತಿತು. 2025ರ ಮೇ ತಿಂಗಳಲ್ಲಿ ದ್ವೀಪಗಳ ಒಡೆತನವನ್ನು ಮಾರಿಷಸ್ಸಿಗೆ ಮರಳಿಸುವ ಕರಾರಿಗೆ ಸಹಿ ಬಿದ್ದಿತು. ಆದರೆ ಡಿಯೆಗೊ ಗಾರ್ಸಿಯದ ನೆಲೆಗೆ 99 ವರ್ಷದ ಗೇಣಿಯನ್ನು ಅದರಲ್ಲಿಯೇ ಬರೆದರು.

ಪರರ ತಪ್ಪನ್ನು ಎಣಿಸಿ ಇಲ್ಲಿಗೇ ನಿಲ್ಲಿಸಿದರೆ ನಮ್ಮ ಮಾತಿಗೆ ಬೆಲೆ ಬಾರದು. ನಮ್ಮ ಸೈನ್ಯವೂ ಪರರ ಮನೆಗೆ ಹೋದುದುಂಟು. 1987ರಲ್ಲಿ ಭಾರತದ ಶಾಂತಿಪಾಲನಾ ಪಡೆಯು ಒಪ್ಪಂದದ ಮೇರೆಗೆ ಸಿಂಹಳಕ್ಕೆ ಹೋಯಿತು. ನಮ್ಮ ಸಾವಿರಕ್ಕೂ ಮಿಕ್ಕ ಯೋಧರು ಅಲ್ಲಿ ಮಡಿದರು. 1989ರಲ್ಲಿ ಅಲ್ಲಿಯ ಅಧ್ಯಕ್ಷ ಪ್ರೇಮದಾಸರು ಹೊರಡಿರೆಂದಾಗ ನಮ್ಮಲ್ಲಿ ಎಷ್ಟೋ ಜನ ಕೃತಘ್ನನೆಂದು ಅವರನ್ನು ಹಳಿದರು. ಒಡನೆ ಹೊರಡಲು ನಮ್ಮ ಸರಕಾರಕ್ಕೂ ಮನಸ್ಸಾಗಲಿಲ್ಲ; ಕೊನೆಯ ತುಕಡಿ ಹಿಂದಿರುಗಿದುದು 1990ರ ಮಾರ್ಚಿನಲ್ಲಿ. 2024ರಲ್ಲಿ ಮಾಲ್ಡೀವ್ಸಿನವರು ಅಲ್ಲಿದ್ದ ಎಂಬತ್ತರಷ್ಟು ಭಾರತೀಯ ಸೈನಿಕರು ಮರಳಲೆಂದು ಕೇಳಿದರು. ಆಗಲೂ ನಮ್ಮ ಮನಸ್ಸಿಗೆ ನೋವಾಯಿತು. ಹೆಲಿಕಾಪ್ಟರಿನಲ್ಲಿ ರೋಗಿಗಳನ್ನು ಸಾಗಿಸಿದ ನಮಗೆ ಈ ಮಾತೇ ಎನ್ನಿಸಿತು. ಆದರೆ ನಾವು ಮರಳಿದೆವು. ಉಪಕಾರ ಮಾಡಿದವನಿಗೆ ಈ ಮಾತು ಎಷ್ಟು ಕಹಿಯೆಂಬುದನ್ನು ನಾವೂ ಉಂಡು ತಿಳಿದಂತಾಯಿತು. ಆ ಕಹಿಯನ್ನು ನುಂಗಿ ಎದ್ದು ಬರುವುದೇ ಕಾವಲುಗಾರನ ತಪಸ್ಸು.

ಕಾವಲಿಗೆ ಋಣವಿಲ್ಲವೆಂದು ನಾನು ಹೇಳುವುದಿಲ್ಲ. ಋಣವುಂಟು, ಅದನ್ನು ಕೃತಜ್ಞತೆಯಿಂದ ತೀರಿಸಬೇಕು, ಆಪತ್ತಿನಲ್ಲಿ ಪ್ರತ್ಯುಪಕಾರದಿಂದ ತೀರಿಸಬೇಕು. ಬೀಗದ ಕೈಯನ್ನು ಕೊಟ್ಟು ತೀರಿಸತಕ್ಕ ಋಣ ಅದಲ್ಲ. ಮನೆಯವನಿಗೂ ಒಂದು ಎಚ್ಚರ ಬೇಕು. ದಂಡಿನಿಂದ ಬರುವ ವ್ಯಾಪಾರ, ಕಾರ್ಖಾನೆಯಿಂದ ಬರುವ ಸಂಬಳ, ಇವು ಮೆಲ್ಲಮೆಲ್ಲನೆ ನಾಲಗೆಯನ್ನು ಕಟ್ಟಿಹಾಕುವುವು. ಹೋಗೆನ್ನುವ ಮಾತನ್ನು ಕಸಿದುಕೊಳ್ಳಲು ಯಾವಾಗಲೂ ಕೋವಿಯೇ ಬೇಕೆಂದಿಲ್ಲ. ಕೆಲವೊಮ್ಮೆ ನಾವೇ ಅದನ್ನು ಮಾರಿಬಿಡುತ್ತೇವೆ.

ಯಡಿಯೂರಿನ ದಾಸೋಹದಲ್ಲಿ ಉಂಡ ಯಾತ್ರಿಕನು ಗದ್ದುಗೆಗೆ ಮತ್ತೊಮ್ಮೆ ಕೈಮುಗಿದು ತನ್ನ ದಾರಿ ಹಿಡಿಯುತ್ತಾನೆ. ಅವನು ಎದ್ದ ಜಾಗದಲ್ಲಿ ಇನ್ನೊಬ್ಬನು ಬಂದು ಕೂರುತ್ತಾನೆ. ಎದ್ದು ಹೋಗುವವರಿರುವುದರಿಂದಲೇ ಆ ಪಂಕ್ತಿ ಇಷ್ಟು ಕಾಲ ನಡೆದುಬಂದಿದೆ. ಬಲಿಷ್ಠ ರಾಷ್ಟ್ರಗಳು ಕಲಿಯಬೇಕಾದ ಪಾಠವು ಇಷ್ಟೇ; ನಾವು ಬಲಿಷ್ಠರಾದ ದಿನ ಮರೆಯಬಾರದ ಪಾಠವೂ ಇದೇ.