ಇಂದಿನ ಚಿಂತನೆ: ಸೋಲಿಗೊಂದು ಹೆಸರು



ಬಂಧುಗಳೇ, ಇವತ್ತು ಒಬ್ಬ ಫುಟ್‌ಬಾಲ್ ಆಟಗಾರರ ವಿಷಯ ಬರೆಯುತ್ತಿದ್ದೇನೆ. ನಮಗೂ ಫುಟ್‌ಬಾಲಿಗೂ ಏನು ಸಂಬಂಧ ಅನ್ನಬೇಡಿ, ಪೂರ್ತಿ ಓದಿ.

ಅವರ ಹೆಸರು ಮೊಆಸಿರ್ ಬಾರ್ಬೋಸಾ. ಬ್ರೆಜಿಲ್ ದೇಶದ ಗೋಲ್‌ಕೀಪರ್. 1921ರಲ್ಲಿ ಕಂಪಿನಾಸ್ ಎಂಬ ಊರಿನಲ್ಲಿ ಹುಟ್ಟಿದರು. ಕಪ್ಪು ಜನಾಂಗದವರು. ಆ ದೇಶದಲ್ಲಿ ಗುಲಾಮಗಿರಿಯನ್ನು ಕಾನೂನು ತೆಗೆದದ್ದೇ 1888ರಲ್ಲಿ. ಅಂದರೆ ಅವರು ಹುಟ್ಟುವುದಕ್ಕೆ ಬರೀ 33 ವರ್ಷ ಮುಂಚೆ.

ಅವರು ಹೆಸರು ಮಾಡಿದ್ದು ರಿಯೊ ನಗರದ ವಾಸ್ಕೊ ಡ ಗಾಮ ಕ್ಲಬ್ಬಿನಲ್ಲಿ. ಈ ಕ್ಲಬ್ಬಿನ ಬಗ್ಗೆ ಒಂದು ಮಾತು ಹೇಳಲೇಬೇಕು. 1923ರಲ್ಲಿ ಕಪ್ಪು ಆಟಗಾರರನ್ನೂ ಬಡ ಕೆಲಸಗಾರರನ್ನೂ ಸೇರಿಸಿಕೊಂಡು ಅದು ರಿಯೊ ಚಾಂಪಿಯನ್ ಆಯಿತು. ಮರುವರ್ಷ ಸಿರಿವಂತರ ಕ್ಲಬ್ಬುಗಳು ಬೇರೆ ಲೀಗ್ ಕಟ್ಟಿ, ನಿಮ್ಮ 12 ಆಟಗಾರರನ್ನು ಹೊರಗಿಟ್ಟರೆ ಮಾತ್ರ ಸೇರಿಸಿಕೊಳ್ಳುತ್ತೇವೆ ಎಂದವು. ಹಾಗಾದರೆ ನಿಮ್ಮ ಲೀಗೇ ನಮಗೆ ಬೇಡ ಎಂದು ವಾಸ್ಕೊ ಅಧ್ಯಕ್ಷರು ಪತ್ರ ಬರೆದರು. ತಾರೀಖು 1924ರ ಏಪ್ರಿಲ್ 7. ಕೆರೆಯ ನೀರಿಗಾಗಿ ಮಹಾಡ್‌ನಲ್ಲಿ ನಡೆದವರ ಮಕ್ಕಳಾದ ನಮಗೆ ಇಂಥ ಪತ್ರದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಕ್ಲಬ್ಬಿಗೆ ಬಾರ್ಬೋಸಾ 1945ರಲ್ಲಿ ಬಂದರು. ಕೈಗವಸು ಹಾಕದೆ ಬರಿಗೈಯಲ್ಲೇ ಚೆಂಡು ಹಿಡಿಯುತ್ತಿದ್ದರು. 1948ರಲ್ಲಿ ದಕ್ಷಿಣ ಅಮೆರಿಕದ ಕ್ಲಬ್ಬುಗಳ ಚಾಂಪಿಯನ್ ಪಟ್ಟ ವಾಸ್ಕೊಗೆ ಬಂತು. 1949ರಲ್ಲಿ ದೇಶಗಳ ಪಟ್ಟ ಬ್ರೆಜಿಲ್‌ಗೆ ಬಂತು. ಎರಡೂ ಕಡೆ ಗೋಲಿನ ಮುಂದೆ ನಿಂತವರು ಇವರೇ.

ಆಮೇಲೆ 1950ರ ವಿಶ್ವಕಪ್, ಬ್ರೆಜಿಲ್‌ನಲ್ಲೇ. (ಅದಕ್ಕೆ ಭಾರತಕ್ಕೂ ಅವಕಾಶ ಸಿಕ್ಕಿತ್ತು, ಹೋಗಲಿಲ್ಲ. ಅದು ಬೇರೆ ಕಥೆ.) ಕೊನೆಯ ಸುತ್ತಿನಲ್ಲಿ ಬ್ರೆಜಿಲ್ ಸ್ವೀಡನ್ ಮೇಲೆ 7 ಗೋಲು, ಸ್ಪೇನ್ ಮೇಲೆ 6 ಗೋಲು ಹೊಡೆದಿತ್ತು. ಜುಲೈ 16ರಂದು ಉರುಗ್ವೆ ವಿರುದ್ಧ ಡ್ರಾ ಆದರೂ ಕಪ್ ಅವರದೇ. ಮರಕಾನಾ ಕ್ರೀಡಾಂಗಣದಲ್ಲಿ ಸುಮಾರು 2 ಲಕ್ಷ ಜನ. ಆಟ ಶುರುವಾಗುವ ಮುಂಚೆಯೇ ಗೆದ್ದವರೆಂದು ಹೊಗಳಿ ಭಾಷಣವೂ ಆಗಿಹೋಗಿತ್ತು.

ಮೊದಲ ಗೋಲು ಬ್ರೆಜಿಲ್ ಹೊಡೆಯಿತು. 66ನೇ ನಿಮಿಷದಲ್ಲಿ ಉರುಗ್ವೆಯ ಗಿಗ್ಗಿಯಾ ಬಲಗಡೆಯಿಂದ ನುಗ್ಗಿ ಚೆಂಡನ್ನು ನಡುವಿಗೆ ಕೊಟ್ಟ, ಸ್ಕಿಯಾಫಿನೊ ಗೋಲು ಹೊಡೆದ. 79ನೇ ನಿಮಿಷದಲ್ಲಿ ಅದೇ ಗಿಗ್ಗಿಯಾ ಅದೇ ದಾರಿಯಲ್ಲಿ ಬಂದ. ಈ ಸಲವೂ ನಡುವಿಗೇ ಕೊಡುತ್ತಾನೆ ಎಂದು ಬಾರ್ಬೋಸಾ ಗೋಲುಕಂಬದಿಂದ ಸ್ವಲ್ಪ ಸರಿದರು. ಅವನು ಆ ಸಂದಿಯಲ್ಲೇ ಹೊಡೆದುಬಿಟ್ಟ. ಉರುಗ್ವೆ 2, ಬ್ರೆಜಿಲ್ 1.

ನಾನು ಈ ಗೋಲನ್ನು ಮೊಬೈಲಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಹದಿಮೂರು ನಿಮಿಷದ ಹಿಂದೆ ನಡೆದದ್ದನ್ನು ನೆನಪಿಟ್ಟುಕೊಂಡು ಒಂದು ಹೆಜ್ಜೆ ಇಟ್ಟದ್ದು ತಪ್ಪೇ? ಎರಡು ಆಟದಲ್ಲಿ 13 ಗೋಲು ಹೊಡೆದ ತಂಡ ಅವತ್ತು ಹೊಡೆದದ್ದು ಒಂದೇ. ಅದನ್ನು ಯಾರೂ ಕೇಳಲಿಲ್ಲ. ಜನ ಮೂವರ ಹೆಸರು ಹಿಡಿದುಕೊಂಡರು: ಬಾರ್ಬೋಸಾ, ಬಿಗೋಡೆ, ಜುವೆನಾಲ್. ಮೂವರೂ ಕಪ್ಪು ಬಣ್ಣದವರು. ಹನ್ನೊಂದು ಜನರ ಸೋಲು ಇವರ ಮೂವರ ತಲೆಗೆ ಬಂತು. ಗೆದ್ದಿದ್ದರೆ ಅದು ದೇಶದ ಗೆಲುವಾಗುತ್ತಿತ್ತು.

ಅವರು 1962ರವರೆಗೆ ಆಡಿದರು. ಬ್ರೆಜಿಲ್ ಪರ ಮಾತ್ರ ಆಮೇಲೆ ಆಡಿದ್ದು ಒಂದೇ ಒಂದು ಪಂದ್ಯ. ಹೊಟ್ಟೆಪಾಡಿಗೆ ನೌಕರಿ ಮಾಡಿದ್ದೂ ಅದೇ ಮರಕಾನಾದಲ್ಲಿ. ಒಂದು ದಿನ ಅಂಗಡಿಯಲ್ಲಿ ಒಬ್ಬ ಹೆಂಗಸು ತನ್ನ ಮಗನಿಗೆ ಇವರನ್ನು ತೋರಿಸಿ, ಇಡೀ ಬ್ರೆಜಿಲನ್ನು ಅಳಿಸಿದವನು ಇವನೇ ಅಂದಳಂತೆ. 1993ರಲ್ಲಿ ರಾಷ್ಟ್ರೀಯ ತಂಡದ ಅಭ್ಯಾಸ ನೋಡಲು ಹೋದಾಗ ಅಪಶಕುನ ಎಂದು ಒಳಗೆ ಬಿಡಲಿಲ್ಲ. ಅಪಶಕುನ! ಎದುರಿಗೆ ಬಂದರೆ ಮೈಲಿಗೆ ಅಂತ ನಮ್ಮ ಅಜ್ಜಂದಿರಿಗೆ ಹೇಳಿದ್ದು ನೆನಪಾಯಿತು. ನಮ್ಮ ದೇಶದಲ್ಲಿ ಅತಿ ದೊಡ್ಡ ಶಿಕ್ಷೆ 30 ವರ್ಷ, ನಾನು 50 ವರ್ಷ ಅನುಭವಿಸಿದೆ ಎಂದು ಅವರು ಕೊನೆಗಾಲದಲ್ಲಿ ಹೇಳಿಕೊಂಡರು. ತೀರಿಕೊಂಡದ್ದು 2000ದ ಏಪ್ರಿಲ್ 7ರಂದು.

ಭಾನುವಾರದ ಕೂಟದಲ್ಲಿ ಇದನ್ನು ಹೇಳಿದಾಗ ಒಬ್ಬ ಹಿರಿಯರು ‘ಪಾಪ, ಅವರ ಕರ್ಮ’ ಅಂದರು. ಹಳೆಯ ಮಾತು, ಬಾಯಿಗೆ ತಾನಾಗಿಯೇ ಬರುತ್ತದೆ. ಹೋದ ಜನ್ಮದ ಲೆಕ್ಕ ಹೇಳಿ ಈ ಜನ್ಮದವರ ಅನ್ಯಾಯ ಮುಚ್ಚುವುದನ್ನು ಬಾಬಾಸಾಹೇಬರು ಒಪ್ಪಲಿಲ್ಲ. ಇನ್ನೊಬ್ಬರು, ಜನ ಅವರನ್ನು ಕ್ಷಮಿಸಬಹುದಿತ್ತು ಅಂದರು. ಮೊದಲು ನನಗೂ ಹಾಗೇ ಅನ್ನಿಸಿತ್ತು. ಆದರೆ ಕ್ಷಮಿಸಬೇಕಾದರೆ ಅಪರಾಧ ಇರಬೇಕಲ್ಲ? ಅವರು ಸೋತರು, ಅಷ್ಟೆ. ಅವರನ್ನು ಕ್ಷಮಿಸುತ್ತೇವೆ ಅನ್ನುವುದೂ ಅಪರಾಧಿ ಅನ್ನುವುದಕ್ಕೆ ಸಮ.

ಇಷ್ಟೆಲ್ಲ ಬರೆಯಲು ನನಗೆ ಒಂದು ಕಾರಣ ಇದೆ. ನಾವು ಹುಡುಗರಾಗಿದ್ದಾಗ ನಮ್ಮ ಕೇರಿಯ ಕಬಡ್ಡಿ ತಂಡ ತಾಲ್ಲೂಕು ಫೈನಲ್‌ನಲ್ಲಿ ಒಂದು ಪಾಯಿಂಟಿನಿಂದ ಸೋತಿತು. ಕೊನೆಯ ರೇಡ್‌ಗೆ ಹೋದ ಹುಡುಗ ಪಕ್ಕದ ಗೆರೆ ತುಳಿದು ಔಟಾದ. ನಮ್ಮಲ್ಲೆಲ್ಲ ಚಿಕ್ಕವನು, ತಂದೆಯಿಲ್ಲದವನು. ಅದಕ್ಕೂ ಮುಂಚೆ ನಾನು ಎರಡು ಸಲ ಬರಿಗೈಯಲ್ಲಿ ವಾಪಸ್ ಬಂದಿದ್ದೆ. ಅವನಿಗೆ ‘ಗೆರೆ’ ಅಂತ ಹೆಸರಿಟ್ಟವನು ನಾನು. ಮೂವತ್ತು ವರ್ಷ ಆ ಹೆಸರು ನಡೆಯಿತು, ಅವನೂ ನಗುತ್ತಿದ್ದ. ಹೋದ ವರ್ಷ ಒಂದು ಮದುವೆಯಲ್ಲಿ ‘ಏ ಗೆರೆ’ ಅಂತ ಕೂಗಿದೆ. ಪಕ್ಕದಲ್ಲಿದ್ದ ಅವನ ಮಗಳು, ‘ಅಪ್ಪಾ, ನಿನ್ನನ್ನ ಯಾಕೆ ಹಾಗೆ ಕರೀತಾರೆ?’ ಅಂದಳು. ಅವನು ನನ್ನ ಮುಖ ನೋಡಿದ. ನಾನು ಊಟದ ಪಂಕ್ತಿ ಕಡೆ ಹೋಗಿಬಿಟ್ಟೆ.

ನಿನ್ನೆ ರಾತ್ರಿ ಫೋನ್ ಮಾಡಿ ಅವನ ಹೆಸರು ಹಿಡಿದು ಕರೆದೆ. ‘ಯಾರು ಮಾತಾಡೋದು?’ ಅಂದ. ಹೇಳಿದೆ. ಆ ಎರಡು ರೇಡ್ ವಿಷಯವನ್ನೂ ಹೇಳಿದೆ. ‘ಗೊತ್ತಣ್ಣ, ನಾನು ಎಣಿಸ್ತಾ ಇದ್ದೆ’ ಅಂದ.