‘ಅಪಸ್ವರ’ ಎನ್ನುವ ಮುನ್ನ



ನಿಮ್ಮ ಧರ್ಮಕೇಂದ್ರದ ಗಾಯನ ಬಳಗ ಅಭ್ಯಾಸ ಮಾಡುವಾಗ ಎಂದಾದರೂ ಹೋಗಿ ಕುಳಿತಿದ್ದೀರಾ? ಅಲ್ಲಿ ಹಾಡಿಗಿಂತ ಮಾತೇ ಹೆಚ್ಚು ಕೇಳಿಸುತ್ತದೆ. ‘ಶ್ರುತಿ ಬಿಟ್ಟಿರಿ’, ‘ತಾಳ ಓಡುತ್ತಿದೆ’, ‘ಮೇಲಿನ ಷಡ್ಜ ಮುಟ್ಟಲಿಲ್ಲ’. ಕೀಬೋರ್ಡ್ ನುಡಿಸುವ ಹುಡುಗನಿದ್ದರೆ ‘ಇಲ್ಲಿ ಮೈನರ್ ಕಾರ್ಡ್ ಬರಬೇಕು’ ಎಂಬ ತಗಾದೆ ಬೇರೆ. ಬಲ್ಲವರು ತಲೆಯಾಡಿಸುತ್ತಾರೆ. ಉಳಿದವರು ತಮಗೂ ತಿಳಿಯಿತು ಎಂಬಂತೆ ತಲೆಯಾಡಿಸುತ್ತಾರೆ.

ಈ ಪದಗಳು ದೀಪವೋ ಬೇಲಿಯೋ ಎಂಬ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಕಾರಣ ನನ್ನದೇ ಒಂದು ತಪ್ಪು.

ಕೆಲವು ವರ್ಷಗಳ ಹಿಂದೆ ಕ್ರಿಸ್ತಜಯಂತಿಯ ಹಾಡುಗಳನ್ನು ಕಲಿಸುವ ಹೊಣೆ ನನ್ನ ಮೇಲೆ ಬಿತ್ತು. ಮುಂದಿನ ಸಾಲಿನಲ್ಲಿ ವಯಸ್ಸಾದ ತಾಯಿಯೊಬ್ಬರು ಕೂರುತ್ತಿದ್ದರು. ಪೂಜೆ ತಪ್ಪಿಸಿದವರಲ್ಲ, ಹಾಡು ತಪ್ಪಿಸಿದವರಲ್ಲ. ದನಿ ಮಾತ್ರ ಹಾರ್ಮೋನಿಯಂ ಒಂದು ಕಡೆಯಾದರೆ ತಾನೊಂದು ಕಡೆ. ಮೂರನೆಯ ದಿನ ನನ್ನ ತಾಳ್ಮೆ ಮೀರಿತು. ಎಲ್ಲರೆದುರಿಗೆ, ‘ಅಮ್ಮಾ, ನಿಮ್ಮದು ಬರೀ ಅಪಸ್ವರ’ ಎಂದುಬಿಟ್ಟೆ. ಮುಂದಿನ ಭಾನುವಾರ ಅವರು ಕೊನೆಯ ಬೆಂಚಿನಲ್ಲಿದ್ದರು, ತುಟಿ ಮುಚ್ಚಿಕೊಂಡು.

ನಾನಾಡಿದ್ದು ಸಂಗೀತಗಾರರ ಪದವೇ. ಅದರ ಅರ್ಥ ನನಗಾದರೂ ತಿಳಿದಿತ್ತೇ?

ಸ್ವಲ್ಪ ಹಾರ್ಮೋನಿಯಂ ಮುಂದೆ ಕುಳಿತು ನೋಡೋಣ ಬನ್ನಿ. ಒಂದು ಸ್ಥಾಯಿಗೆ ಬಿಳಿ ಕಪ್ಪು ಸೇರಿ ಅದರಲ್ಲಿ 12 ಮನೆಗಳು. ಕರ್ನಾಟಕ ಸಂಗೀತದಲ್ಲಿ ಸ್ವರಗಳ ಹೆಸರುಗಳಾದರೋ 16. ಷಡ್ಜ, ಪಂಚಮಗಳಿಗೆ ಒಂದೊಂದೇ ರೂಪ, ಮಧ್ಯಮಕ್ಕೆ ಎರಡು, ಉಳಿದ ನಾಲ್ಕಕ್ಕೆ ಮೂರು ಮೂರು. ಮನೆ 12, ಹೆಸರು 16 ಎಂದಮೇಲೆ ಕೆಲವು ಮನೆಗಳಿಗೆ ಎರಡೆರಡು ಹೆಸರು ಇರಲೇಬೇಕು. ಷಡ್ಜದಿಂದ ಮೇಲಕ್ಕೆ ಮೂರನೆಯ ಮನೆಯನ್ನು ಒತ್ತಿ. ತೋಡಿ ರಾಗದಲ್ಲಿ ಅದು ಸಾಧಾರಣ ಗಾಂಧಾರ. ನಾಟ ರಾಗದಲ್ಲಿ ಅದೇ ಮನೆ ಷಟ್‌ಶ್ರುತಿ ರಿಷಭ. ಮನೆ ಅದೇ, ಸದ್ದು ಅದೇ. ನಾಟದಲ್ಲಿ ಅದರ ಪಕ್ಕದ ಮನೆಗೆ ಅಂತರ ಗಾಂಧಾರ ಬಂದು ಕುಳಿತಿರುವುದರಿಂದ ಇದು ರಿಷಭದ ಪಾಲಿನ ಕೆಲಸ ಮಾಡಬೇಕಾಗುತ್ತದೆ. ಅಂದರೆ ಆ ಹೆಸರನ್ನು ಕೊಟ್ಟದ್ದು ನೆರೆಹೊರೆ.

ಹೀಗೆ ಒತ್ತೊತ್ತಾಗಿ ಕುಳಿತ ಸ್ವರಗಳಿಗೆ ಶಾಸ್ತ್ರದಲ್ಲಿ ‘ವಿವಾದಿ’ ಎಂಬ ಹೆಸರಿದೆ. ವಾದಿ, ಸಂವಾದಿ, ಅನುವಾದಿ, ವಿವಾದಿ ಎಂದು ನಾಲ್ಕು ಬಗೆ. ಹಿಂದಿನವರು ಇವುಗಳನ್ನು ರಾಜ, ಮಂತ್ರಿ, ಸೇವಕ, ಶತ್ರು ಎಂದು ಹೋಲಿಸಿದರು. ಶತ್ರುವೆಂದ ಮೇಲೆ ಹೊರಗೆ ಹಾಕಿದರು ಎಂದುಕೊಂಡಿರಾ? 72 ಮೇಳಕರ್ತ ರಾಗಗಳಲ್ಲಿ 40ರಲ್ಲಿ ವಿವಾದಿ ಸ್ವರಗಳಿವೆ, ಅರ್ಧಕ್ಕಿಂತ ಹೆಚ್ಚು! ನಾಟವೂ ಅಂಥದ್ದೇ ರಾಗ. ತ್ಯಾಗರಾಜರ ಪಂಚರತ್ನ ಕೃತಿಗಳು ಆರಂಭವಾಗುವುದು ಅದರಿಂದಲೇ. ಆ ಶತ್ರುವನ್ನು ಎಲ್ಲಿ, ಎಷ್ಟು ಹೊತ್ತು, ಯಾರ ಪಕ್ಕ ನಿಲ್ಲಿಸಬೇಕೆಂದು ಬಲ್ಲವನೇ ಗಾಯಕ.

ಪಾಶ್ಚಾತ್ಯ ಸಂಗೀತದಲ್ಲೂ ಇಂಥದೊಂದು ಪದವಿದೆ, ಸಸ್ಪೆನ್ಷನ್. ನಾಲ್ಕು ದನಿಗಳು ಕೂಡಿ ಹಾಡುವಾಗ ಮೂರು ದನಿಗಳು ಮುಂದಿನ ಕಾರ್ಡಿಗೆ ಸರಿದರೂ ಒಂದು ದನಿ ಹಳೆಯ ಸ್ವರದಲ್ಲೇ ನಿಂತಿರುತ್ತದೆ. ಆ ಕ್ಷಣ ಕಿವಿಗೆ ಕಚಗುಡುತ್ತದೆ. ಮರುಕ್ಷಣ ಅದು ಒಂದು ಮೆಟ್ಟಿಲು ಇಳಿದು ಉಳಿದವರನ್ನು ಸೇರಿದಾಗ ಬರುವ ನೆಮ್ಮದಿ, ಮೊದಲೇ ಎಲ್ಲರೂ ಒಟ್ಟಿಗೆ ಸರಿದಿದ್ದರೆ ಬರುತ್ತಿರಲಿಲ್ಲ. (ನಮ್ಮ ಕಚೇರಿಗಳಲ್ಲಿ ಸಸ್ಪೆಂಡ್ ಆದವನಿಗೆ ಅರ್ಧ ಸಂಬಳ, ಇಲ್ಲಿ ಪೂರ್ಣ ಮರ್ಯಾದೆ.) ಮೈನರ್ ಎಂಬ ಪದವೂ ಅಷ್ಟೇ. ಅದನ್ನು ಕೇಳಿ ಎಷ್ಟೋ ಜನ ‘ಕೀಳು’ ಎಂದುಕೊಳ್ಳುತ್ತಾರೆ. ಎರಡು ಸ್ವರಗಳ ನಡುವಿನ ಅಂತರ ಅರ್ಧ ಮೆಟ್ಟಿಲು ಕಿರಿದು ಎಂಬುದಷ್ಟೇ ಅದರ ಅರ್ಥ.

ಈಗ ನನ್ನ ‘ಅಪಸ್ವರ’ಕ್ಕೆ ಬನ್ನಿ. ಒಂಟಿಯಾಗಿ ನಿಂತ ಯಾವ ಸ್ವರವೂ ಅಪಸ್ವರವಲ್ಲ. ಒಂದು ಶ್ರುತಿಗೆ, ಒಂದು ರಾಗಕ್ಕೆ ಹೊಂದದೆ ಹೋದಾಗ ಮಾತ್ರ ಆ ಮಾತು ಸಲ್ಲುತ್ತದೆ. ಅದು ಹೇಳುವುದು ಇಬ್ಬರ ನಡುವಿನ ಹೊಂದಾಣಿಕೆಯನ್ನು. ನಾನಾದರೋ ಅದನ್ನು ಒಬ್ಬರ ತಲೆಗೆ ಕಟ್ಟಿದೆ. ಮನೆಗಳಲ್ಲೂ ನಾವು ಹೀಗೆ ಮಾಡುವುದಿಲ್ಲವೇ? ಹೊಸದಾಗಿ ಬಂದ ಸೊಸೆಗೆ, ಓದಿನಲ್ಲಿ ಹಿಂದುಳಿದ ಮಗನಿಗೆ ಒಂದು ಪದ ಅಂಟಿಸಿಬಿಡುತ್ತೇವೆ.

ಹಾಗೆಂದು ತಪ್ಪನ್ನು ತಪ್ಪೆನ್ನಬಾರದೇ ಎಂದು ನೀವು ಕೇಳಬಹುದು. ಅನ್ನಲೇಬೇಕು. ಶ್ರುತಿಗೆ ಸೇರದ ಹಾಡನ್ನು ‘ಭಕ್ತಿ ಇದ್ದರೆ ಸಾಕು’ ಎಂದು ಸಹಿಸುವವರ ಪಕ್ಷ ನನ್ನದಲ್ಲ. ಶ್ರುತಿ ತಾಯಿ, ಲಯ ತಂದೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಪದ ಹುಟ್ಟಿದ್ದು ಯಾತಕ್ಕೆ ಎಂಬುದನ್ನು ಮರೆಯಬಾರದು.

ಸುಮಾರು ಸಾವಿರ ವರ್ಷಗಳ ಹಿಂದೆ ಇಟಲಿಯಲ್ಲಿ ಅರೆಝೋದ ಗ್ವಿದೋ ಎಂಬ ಸನ್ಯಾಸಿ ಇದ್ದರು. ಆಗ ಹುಡುಗರು ದೇವಾಲಯದ ಗೀತೆಗಳನ್ನು ಗುರುವಿನ ಬಾಯಿಂದ ಕೇಳಿ ಕೇಳಿಯೇ ಕಲಿಯಬೇಕಿತ್ತು. ಹತ್ತು ವರ್ಷ ಕಲಿತರೂ ಅರೆಬರೆ. ಗ್ವಿದೋ ಸ್ನಾನಿಕ ಯೊವಾನ್ನರ ಸ್ತುತಿಗೀತೆಯೊಂದನ್ನು ಆರಿಸಿಕೊಂಡರು. ಅದರ ಒಂದೊಂದು ಪಾದವೂ ಹಿಂದಿನದಕ್ಕಿಂತ ಒಂದು ಸ್ವರ ಮೇಲಿನಿಂದ ಆರಂಭವಾಗುತ್ತಿತ್ತು. ಆ ಆರು ಪಾದಗಳ ಮೊದಲ ಅಕ್ಷರಗಳೇ ಉತ್, ರೇ, ಮಿ, ಫಾ, ಸೋಲ್, ಲಾ. ಮುಂದೆ ‘ಉತ್’ ಹೋಗಿ ‘ದೋ’ ಬಂತು, ಏಳನೆಯದಾಗಿ ‘ಸಿ’ ಸೇರಿತು. ತಮ್ಮ ವಿಧಾನದಿಂದ ಒಂದೆರಡು ವರ್ಷದಲ್ಲಿ ಗಾಯಕನನ್ನು ತಯಾರು ಮಾಡಬಹುದೆಂದು ಗ್ವಿದೋ ಪತ್ರವೊಂದರಲ್ಲಿ ಬರೆದರು. ಮಠದಲ್ಲಿ ಹೊಟ್ಟೆಕಿಚ್ಚಿಗೆ ಗುರಿಯಾಗಿ ಹೊರಡಬೇಕಾಯಿತು ಎನ್ನುವುದು ಬೇರೆ ಮಾತು. ಪೋಪ್ 19ನೇ ಯೊವಾನ್ನರು ಅವರನ್ನು ರೋಮಿಗೆ ಕರೆಸಿ, ಹಿಂದೆಂದೂ ಕೇಳದ ಒಂದು ಗೀತೆಯನ್ನು ಅವರ ಪುಸ್ತಕ ನೋಡಿ ತಾವೇ ಹಾಡಿ ಬೆರಗಾದರಂತೆ.

ಅಂದರೆ ದೋ ರೇ ಮಿ ಹುಟ್ಟಿದ್ದು ಬಾರದವನನ್ನು ಒಳಗೆ ಕರೆತರಲು. ನಾನು ಅದೇ ಬಗೆಯ ಒಂದು ಪದದಿಂದ ಐವತ್ತು ವರ್ಷ ಹಾಡಿದವರನ್ನು ಹೊರಗೆ ಕಳಿಸಿದ್ದೆ.

ಕೊನೆಗೊಂದು ಸಂಜೆ ಅವರ ಮನೆಗೆ ಹೋದೆ. ಕಾಫಿ ಕೊಟ್ಟರು. ಕ್ಷಮೆ ಕೇಳಿದಾಗ, ‘ಆ ಮಾತೆಲ್ಲ ನನಗೆ ಗೊತ್ತಿಲ್ಲ ಮೇಷ್ಟ್ರೇ. ನೀವು ಬೈದಿರಿ ಅಂತ ಮಾತ್ರ ಗೊತ್ತಾಯ್ತು’ ಎಂದರು. ಒಂದು ಚರಣ ಹಾಡಿ ಎಂದು ಕೇಳಿಕೊಂಡೆ. ಹಾರ್ಮೋನಿಯಂ ಇಲ್ಲದೆ, ತಮ್ಮ ಹಿಡಿತದ ಶ್ರುತಿಯಲ್ಲಿ ಹಾಡಿದರು. ಒಂದು ಕಡೆಯೂ ತಪ್ಪಲಿಲ್ಲ. ನಾನು ನನ್ನ ಗಂಟಲಿಗೆ ಅನುಕೂಲವಾದ ಮನೆಯನ್ನು ಷಡ್ಜ ಮಾಡಿಕೊಂಡಿದ್ದೆ. ಅದು ಅವರಿಗೆ ಎಟುಕುತ್ತಿರಲಿಲ್ಲ, ಅಷ್ಟೇ.

ಮುಂದಿನ ವಾರ ಎರಡು ಮನೆ ಕೆಳಗಿಳಿಸಿ ಹಿಡಿದೆ. ಅವರು ಮೂರನೆಯ ಬೆಂಚಿಗೆ ಬಂದರು. ಈಗ ಹುಡುಗಿಯರು ‘ತೀರಾ ಕೆಳಗಾಯ್ತು ಸಾರ್’ ಎಂದು ಗೊಣಗುತ್ತಾರೆ. ಇಬ್ಬರಿಗೂ ಒಗ್ಗುವ ಮನೆಯನ್ನು ಇನ್ನೂ ಹುಡುಕುತ್ತಿದ್ದೇನೆ.